ನೂರಕ್ಕೆ ಎಂಬತ್ತೈದು

ವಿಜಯಪುರದ ಶಾಹಾಪುರ ಅಗಸಿಯ ಹತ್ತಿರ ಗಾದಿ ಹೊಲಿಯುವ ಲಾಡಲೇಸಾಬ ನದಾಫನನ್ನು ಯಾರಾದರೂ ಗಿಟಾರ್ ಬಾರಿಸುವವನು ಎಂದು ಕರೆದರೆ ಓಣಿಯ ಜನ ಇವತ್ತಿಗೂ ನಗುತ್ತಾರೆ. ನಗಲಿ, ನಗುವವರ ಹಲ್ಲು ಯಾರು ಹಿಡಿಯುತ್ತಾರೆ. ಇಪ್ಪತ್ತಾರು ವರ್ಷದಿಂದ ಅವನು ರಸಮಂಜರಿ ಪಾರ್ಟಿಯಲ್ಲಿ ಗಿಟಾರ್ ಹಿಡಿದು ಕೂತಿದ್ದಾನೆ. ಟಿಕೋಟಾ, ಬಬಲೇಶ್ವರ, ಕಾಖಂಡಕಿ, ಕನಮಡಿ, ಎಲ್ಲೆಲ್ಲಿ ಗಣಪತಿ ಕೂಡಿಸಿದರೋ, ಎಲ್ಲೆಲ್ಲಿ ಮದುವೆಯ ಹಂದರ ಹಾಕಿದರೋ ಅಲ್ಲೆಲ್ಲ ಹೋಗಿ ಬಾರಿಸಿ ಬಂದಿದ್ದಾನೆ. ಆದರೆ ಇದು ಲಾಡಲೇಸಾಬನ ಕೈ ಎಂದು ಗುರುತು ಹಿಡಿಯುವ ಒಂದು ನರಪಿಳ್ಳೆಯೂ ಆ ಊರುಗಳಲ್ಲಿಲ್ಲ. ಯಾಕೆಂದರೆ ಅವನು ಬಾರಿಸುವುದು ಬರೀ ಕಾರ್ಡು. ಹಾಡುವವರ ಬೆನ್ನಿಗೆ ನಾಲ್ಕು ತಂತಿ ಕೂಡಿಸಿ ಝರ್ ಝರ್ ಅನ್ನಿಸುವ ಕೆಲಸ. ಸಾರಿನೊಳಗಿನ ಉಪ್ಪಿನ ಪಾಡು ಅದು, ಇದ್ದಾಗ ಯಾರೂ ಕೇಳುವುದಿಲ್ಲ.

ಒಂದು ಹಳೆಯ ಹಿಂದಿ ಹಾಡಿದೆ. ಎರಡನೆಯ ಚರಣ ಮುಗಿದ ಕೂಡಲೇ ಮೂವತ್ತೆಂಟು ಸೆಕೆಂಡು ಅದರಲ್ಲಿ ಬರೀ ಗಿಟಾರಿನದೇ ಕಾರಭಾರ. ಪಾರ್ಟಿಯವರು ಇಂಥದ್ದಕ್ಕೆ ಪೀಸು ಅನ್ನುತ್ತಾರೆ. ಈ ಪೀಸು ಬಂದಾಗಲೆಲ್ಲ ಕೀಬೋರ್ಡಿನ ಮುಬೀನ ಒಂದು ಗುಂಡಿ ಒತ್ತಿ ಕೀಬೋರ್ಡಿನಲ್ಲೇ ಗಿಟಾರಿನ ಸಪ್ಪಳ ಎಬ್ಬಿಸುತ್ತಿದ್ದ. ಲೈಟು ಅವನ ಮೇಲೆ ಬೀಳುತ್ತಿತ್ತು, ಸೀಟಿ ಅವನಿಗೆ ಹೊಡೆಯುತ್ತಿದ್ದರು. ನಿಜವಾದ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ ಲಾಡಲೇಸಾಬ ಅವನ ಹಿಂದೆ ಕಬ್ಬಿಣದ ಕುರ್ಚಿಯಲ್ಲಿ ಕೂತು ಝರ್ ಝರ್ ಅನ್ನಿಸುತ್ತಿದ್ದ. ಹೇಳಿ, ಇದಕ್ಕೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು? ಹರೆಯದಲ್ಲಿ ಆ ಪೀಸು ಕಲಿಯಲು ಅವನು ಮಾಡದ ಕಸರತ್ತಿಲ್ಲ. ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ರೀಲು ಸುಕ್ಕಾಗಿ ಟೇಪಿನೊಳಗೇ ಸಿಕ್ಕಿಬಿತ್ತು. ಸುರಗಳು ಮಾತ್ರ ಒಂದರ ಬಾಲಕ್ಕೆ ಒಂದು ಅಂಟಿಕೊಂಡೇ ಓಡಿದವು, ಬಿಡಿಸಿ ಕೇಳಲು ಆಗಲೇ ಇಲ್ಲ. ಕೊನೆಗೆ, ನಮ್ಮ ಹಣೆಯಲ್ಲಿ ಕಾರ್ಡೇ ಬರೆದದ್ದು ಎಂದು ಕೈಬಿಟ್ಟ.

ಹೀಗಿರುವಾಗ ಹೋದ ವರ್ಷ ದಸರೆ ಮುಗಿದ ಮೇಲೆ ಬಬಲೇಶ್ವರದ ಶಿವಯೋಗೆಪ್ಪ ಎಂಬ ಒಣದ್ರಾಕ್ಷಿ ವ್ಯಾಪಾರಿ ಪಾರ್ಟಿಯ ಮಾಲಕ ಸತೀಶಕುಮಾರನನ್ನು ಹುಡುಕಿಕೊಂಡು ಬಂದ. ಫೆಬ್ರುವರಿಯಲ್ಲಿ ಅವನ ಹೊಸ ಕೋಲ್ಡ್ ಸ್ಟೋರೇಜಿನ ಉದ್ಘಾಟನೆ. ಮುಂಜಾನೆ ಪೂಜೆ, ಹನ್ನೊಂದಕ್ಕೆ ರಸಮಂಜರಿ, ಆಮೇಲೆ ಊಟ. ಎಲ್ಲ ಮಾತು ಮುಗಿದು ಎದ್ದು ನಿಂತವನು ಒಂದು ಕರಾರು ಹಾಕಿದ. "ಆ ಹಾಡು ಆಗಬೇಕು. ನಾ ಕಾಲೇಜಿಗಿದ್ದಾಗ ಅದನ್ನ ಕೇಳಿ ಕೇಳಿ ಟೇಪ್ ಕೆಡಿಸಿದಾಂವ. ಆದ್ರ ಆ ಗಿಟಾರ್ ಪೀಸು ಗಿಟಾರಿನ್ಯಾಗಽ ಆಗಬೇಕು ನೋಡ್ರಿ. ಕೀಬೋರ್ಡಿನ್ಯಾಗ ಪ್ಯಾಂ ಪ್ಯಾಂ ಅನ್ನಿಸಿದ್ರ ನಾ ನಡುವಽ ಎದ್ದು ಹೋಗ್ತೇನಿ."

ಅವನು ಹೋದ ಮೇಲೆ ಸತೀಶಕುಮಾರ ತಲೆ ಕೆರೆದುಕೊಂಡ. ಈ ಸತೀಶಕುಮಾರ ಲಾಡಲೇಸಾಬನಿಗಿಂತ ಹತ್ತು ವರ್ಷ ಸಣ್ಣವನು, ತಂದೆ ಕಟ್ಟಿದ ಪಾರ್ಟಿಯನ್ನು ನಡೆಸಿಕೊಂಡು ಬಂದವನು. ಹುಬ್ಬಳ್ಳಿಯಿಂದ ಯಾರನ್ನಾದರೂ ಕರೆಸಬೇಕೇನೋ ಎಂದು ಅವನು ಫೋನು ತೆಗೆಯುವುದರೊಳಗೆ ಹಿಂದಿನಿಂದ ಒಂದು ದನಿ ಬಂತು.

"ನಾ ಬಾರಸ್ತೇನ್ರಿ ಮಾಲಕ್ರ."

ಮುಬೀನ ತಿರುಗಿ ನೋಡಿ ನಕ್ಕ. "ಚಾಚಾ, ಅದು ಗಾದಿ ಹೊಲದಂಗ ಅಲ್ಲ."

"ನಿನಗ ಗಾದಿ ಹೊಲಿಯಾಕರ ಬರತೈತೇನು?" ಅಂದ ಲಾಡಲೇಸಾಬ. ಅಷ್ಟು ಹೇಳುವುದರೊಳಗೆ ಅವನ ಕಿವಿ ಕೆಂಪಾಗಿತ್ತು.

ಸತೀಶಕುಮಾರ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ನಾಕು ತಿಂಗಳದಾವ ಚಾಚಾ. ತಪ್ಪಲಾರದಂಗ ಬಂತಂದ್ರ ಮುಂದ ನಿಂತು ನೀವಽ ಬಾರಸ್ರಿ. ಲೈಟ್ ನಿಮ್ಮ ಮ್ಯಾಲ ಬಿಡಸ್ತೇನಿ."

ನಲವತ್ತೇಳು ವರ್ಷದ ಆಯುಷ್ಯದಲ್ಲಿ ಲಾಡಲೇಸಾಬ ಇದೊಂದನ್ನು ಬಾಯಿ ಬಿಟ್ಟು ಕೇಳಿ ಪಡೆದಿದ್ದ. ಮನೆಗೆ ಬಂದು ಹೆಂಡತಿ ನಸ್ರೀನಳಿಗೆ ಹೇಳಿದ. ಅವಳು ಹೌದೇನ್ರಿ ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು. ಪಿಯುಸಿ ಓದುತ್ತಿದ್ದ ಮಗಳು ಸುಮಯ್ಯಾ ಮಾತ್ರ ಅಪ್ಪನ ಫೋನು ಇಸಿದುಕೊಂಡು ಅದರಲ್ಲಿ ಏನೋ ಹಾಕಿ ಕೊಟ್ಟಳು. "ಅಬ್ಬಾ, ಇದರಾಗ ಹಾಡು ಸಾವಕಾಶ ಮಾಡಬಹುದು ನೋಡ್ರಿ. ಸುರ ಬದಲಾಗಂಗಿಲ್ಲ, ಓಟ ಅಷ್ಟಽ ಕಡಿಮಿ ಆಕ್ಕೈತಿ. ನೂರು ಅಂದ್ರ ಇದ್ದಷ್ಟು. ಐವತ್ತು ಅಂದ್ರ ಅರ್ಧ."

ಮರುದಿನ ನಸುಕಿನ ಫಜರ್ ನಮಾಜು ಮುಗಿಸಿ ಬಂದ ಲಾಡಲೇಸಾಬ ಅರಳೆಯ ಗಂಟುಗಳನ್ನು ಒಟ್ಟುವ ಕೋಣೆಯಲ್ಲಿ ಕೂತು ಪೀಸನ್ನು ನಲವತ್ತಕ್ಕೆ ಇಳಿಸಿ ಹಚ್ಚಿದ. ಫೋನಿನೊಳಗಿಂದ ಹೊರಟ ದನಿ ಕೇಳಿ ಅಡಿಗೆಮನೆಯಿಂದ ನಸ್ರೀನ, "ಯಾರದರ ಎಮ್ಮಿ ಬಾವ್ಯಾಗ ಬಿದ್ದೈತೇನು ನೋಡ್ರಿ" ಅಂದಳು. ಅವನಿಗೆ ಆ ಮಾತು ಕೇಳಿಸಲೇ ಇಲ್ಲ. ಒಂದೇ ಸುರ ಎಂದು ಅವನು ಇಪ್ಪತ್ತಾರು ವರ್ಷ ನಂಬಿದ್ದ ಕಡೆ ಮೂರು ಸುರ ಇದ್ದವು. ಒಂದನ್ನು ಮೀಟಿದ್ದರು, ಉಳಿದ ಎರಡನ್ನು ಬೆರಳಿನಿಂದ ಬರೀ ಎಳೆದು ಬಿಟ್ಟಿದ್ದರು. ಅಷ್ಟೇ ಅಲ್ಲ, ಬಾರಿಸಿದವನ ಬೆರಳು ತಂತಿಯ ಮೇಲೆ ಜಾರುವಾಗ ಕಿರ್ ಅಂದದ್ದೂ ಕೇಳಿಸಿತು. ಎರಡು ಕಡೆ ಅವನು ಪಕ್ಕದ ತಂತಿಗೆ ತಪ್ಪಿ ತಾಗಿಸಿದ್ದ. ಎಂಥಾ ದೊಡ್ಡ ಕಲಾವಿದನೋ ಏನೋ, ಅವನದೂ ಚರ್ಮದ ಕೈಯೇ. ಲಾಡಲೇಸಾಬನಿಗೆ ಮಗಳು ಹುಟ್ಟಿದ ದಿನ ಆಗಿತ್ತಲ್ಲ, ಅಂಥ ಖುಷಿಯಾಯಿತು.

ಅಂದಿನಿಂದ ಅವನು ತನಗೆ ತಾನೇ ಒಂದು ಕಾಯ್ದೆ ಮಾಡಿಕೊಂಡ. ಒಂದೊಂದು ಸಲಕ್ಕೆ ಎರಡೇ ಸೆಕೆಂಡಿನಷ್ಟು ತುಂಡು. ಅದು ಒಂದೇ ಓಟದಲ್ಲಿ ಸಾಲಾಗಿ ಹತ್ತು ಸಲ ತಪ್ಪದೆ ಬಂದರೆ ಒಂದು ಅಂಕಿ ಮೇಲೆ. ನಡುವೆ ಒಂದು ಸಲ ತಪ್ಪಿದರೂ ಎರಡು ಅಂಕಿ ಕೆಳಗೆ. ಬಟ್ಟೆಗೆ ಗೆರೆ ಹಾಕುವ ನೀಲಿ ಸುಣ್ಣದ ತುಂಡಿನಿಂದ ದಿನದ ಅಂಕಿಯನ್ನು ಗೋಡೆಯ ಮೇಲೆ ಬರೆಯುತ್ತಿದ್ದ. ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು, ನಲವತ್ತಮೂರು. ನಸ್ರೀನ ಅರಳೆ ತೆಗೆದುಕೊಂಡು ಹೋಗಲು ಬಂದಾಗ ಗೋಡೆ ನೋಡಿ, "ಮುಂದ ಒಂದು, ಹಿಂದ ಎರಡು. ಹಿಂಗ ನಡದ್ರ ನೀವು ಬಬಲೇಶ್ವರ ಮುಟ್ಟೂದು ಯಾವ ಕಾಲಕ್ಕ?" ಅಂದಳು. ಅಂದಳೇ ಹೊರತು, ಅವನು ಬಾರಿಸುವಾಗ ಅರಳೆ ಹಿಂಜುವ ಯಂತ್ರವನ್ನು ಅವಳು ಒಮ್ಮೆಯೂ ಚಾಲೂ ಮಾಡಲಿಲ್ಲ. ಗಿರಾಕಿಗಳು ಬಂದರೆ, ಇನ್ನೊಂದು ತಾಸು ಬಿಟ್ಟು ಬರ್ರಿ ಎಂದು ಕಳಿಸುತ್ತಿದ್ದಳು.

ಡಿಸೆಂಬರಿಗೆ ಅರವತ್ತಾಯಿತು. ಸಂಕ್ರಮಣದ ಹೊತ್ತಿಗೆ ಎಪ್ಪತ್ತೆಂಟು. ಜನವರಿ ಮುಗಿಯುವಾಗ ಎಂಬತ್ತೈದು. ಎಂಬತ್ತೈದರಲ್ಲಿ ಆ ಪೀಸು ಅವನ ಕೈಯಲ್ಲಿ ಎಷ್ಟು ಚೊಕ್ಕಾಗಿ ಬರುತ್ತಿತ್ತೆಂದರೆ, ಸುಮಯ್ಯಾ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತವಳು ಬಾಯಿ ತೊಳೆಯುವುದನ್ನೇ ಮರೆತಳು. ಆಗಲೇ ಅವನು ಮಾಡಬಾರದ್ದನ್ನು ಮಾಡಿದ. ನಾಲ್ಕು ಮಂದಿಯ ಮುಂದೆ ಹೇಳಿಕೊಂಡ. ಚಹದ ಅಂಗಡಿಯಲ್ಲಿ ಹೇಳಿದ, ಮಸೀದಿಯ ಮೆಟ್ಟಿಲ ಮೇಲೆ ಹೇಳಿದ, ಗಾದಿ ಒಯ್ಯಲು ಬಂದವರಿಗೂ ಹೇಳಿದ. ಈ ಸಲ ಬಬಲೇಶ್ವರದಲ್ಲಿ ನಾನು ಮುಂದೆ ನಿಂತು ಬಾರಿಸುವವನು ಎಂದ. ನಸ್ರೀನ ಪೇಟೆಗೆ ಹೋಗಿ ಅವನಿಗೊಂದು ಕಪ್ಪು ಅಂಗಿ ತಂದಳು.

ಎಂಬತ್ತೈದಕ್ಕೆ ನಿಂತ ಅಂಕಿ ಮೇಲೇಳಲಿಲ್ಲ. ಪೀಸಿನ ಕೊನೆಗೆ ಏಳು ಸುರ ಸರಸರನೆ ಇಳಿಯುತ್ತವೆ, ಅಲ್ಲಿ ಕಿರುಬೆರಳು ಎರಡು ಸಲ ಬೀಳಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಕೈಕೆಳಗೆ ಗಾದಿ ಹೊಲಿಯುವಾಗ ಡಬ್ಬಣ ಅವನ ಎಡಗೈಯ ಕಿರುಬೆರಳಿನ ಗೆಣ್ಣಿಗೆ ಹೊಕ್ಕು ಆಚೆ ಬಂದಿತ್ತು. ಗಾಯ ಮಾಯಿತು, ಗೆಣ್ಣು ಪೂರ್ತಿ ಮಡಚಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ಆಡಿಕೊಂಡಾರೆಂದು ಅವನು ಈ ಬೆರಳಿನ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ದಿನಾ ಮುಂಜಾನೆ ಅದೇ ಏಳು ಸುರ. ದಿನಾ ಐದನೆಯದರಲ್ಲಿ ಎಡವುವುದು. ನಸ್ರೀನಳಿಗೆ ಅದು ಬಾಯಿಪಾಠವಾಗಿ, ಅವನು ಎಡವುವ ಜಾಗ ಬಂದ ಕೂಡಲೇ ಒಳಗಿನಿಂದ ಅವಳೇ ಚ್ಚು ಚ್ಚು ಅನ್ನುತ್ತಿದ್ದಳು.

ಕಾರ್ಯಕ್ರಮಕ್ಕೆ ಹತ್ತು ದಿನ ಉಳಿದಾಗ ಸತೀಶಕುಮಾರ ಎಲ್ಲರನ್ನೂ ತಾಲೀಮಿಗೆ ಕರೆದ. ಲಾಡಲೇಸಾಬ ಎದ್ದು ನಿಂತು ನೂರರಲ್ಲಿ ಬಾರಿಸಿದ. ಮೂವತ್ತು ಸೆಕೆಂಡು ಎಲ್ಲರೂ ಸುಮ್ಮನೆ ಕೇಳಿದರು, ಮುಬೀನ ಕೂಡ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಏಳು ಸುರ ಬಂದವು, ಕೈ ಎಡವಿತು. ಇನ್ನೊಮ್ಮೆ, ಅಲ್ಲೇ. ಮತ್ತೊಮ್ಮೆ, ಅಲ್ಲೇ.

"ಹೋಗ್ಲಿ ಬಿಡ್ರಿ ಚಾಚಾ," ಅಂದ ಸತೀಶಕುಮಾರ. "ಕೀಬೋರ್ಡಿಗಽ ಕೊಟ್ಟಬಿಡೂಣು. ಶಿವಯೋಗೆಪ್ಪಗ ನಾ ಏನರ ಹೇಳ್ತೇನಿ."

ಲಾಡಲೇಸಾಬನ ಕಣ್ಣ ಮುಂದೆ ಕಪ್ಪು ಅಂಗಿ ಬಂತು, ಚಹದ ಅಂಗಡಿ ಬಂತು, ಮಸೀದಿಯ ಮೆಟ್ಟಿಲು ಬಂತು. ಆಗ ಅವನ ಬಾಯಿಂದ ಒಂದು ಮಾತು ಹೊರಬಿತ್ತು. ಅವನ ಬಾಯಿಂದಲೇ ಬಿತ್ತು, ಮತ್ತೊಬ್ಬರ ಬಾಯಿಂದಲ್ಲ. ಮುಂದೆ ಅವನು ಯಾರನ್ನು ಬೈಯಲು ಹೋದರೂ ಈ ಮಾತೇ ಬಂದು ಅಡ್ಡ ನಿಂತಿತು.

"ಎಂಬತ್ತೈದರಾಗ ನನಗ ತಪ್ಪಂಗಿಲ್ರಿ ಮಾಲಕ್ರ. ಹಂಗಽ ಬಾರಿಸಿ ರೆಕಾರ್ಡ್ ಮಾಡಿ, ಅದರ ಓಟ ಜೋರು ಮಾಡಿಸಿದ್ರ ಹೆಂಗ? ಹಾಡಿನ ಜೋಡಿ ಟ್ರ್ಯಾಕ್ ಹಚ್ಚೂಣು. ನಾ ಮುಂದ ನಿಂತು ಕೈ ಆಡಸ್ತೇನಿ."

ಸತೀಶಕುಮಾರನ ಮುಖ ಅರಳಿತು. "ಏ ಚಾಚಾ, ಏನ ತಲಿ ಓಡಿಸಿದ್ರಿ ನೀವು," ಅಂದ.

ಮರುದಿನವೇ ಇಬ್ಬರೂ ಟಿಕೋಟಾಕ್ಕೆ ಹೋದರು. ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಅಂಗಡಿಯ ಮಾಳಿಗೆಯ ಮೇಲೆ ಆಫ್ತಾಬ ಎಂಬವನದೊಂದು ಸಣ್ಣ ಸ್ಟುಡಿಯೋ ಇದೆ. ಗೋಡೆಗೆ ಹಳೆಯ ಕೌದಿ ಬಡಿದು ಸದ್ದು ಕಟ್ಟಿದ್ದಾನೆ. ಸುತ್ತಲಿನ ಹಳ್ಳಿಗಳ ಭಜನೆ ಮೇಳದವರು, ಯೂಟ್ಯೂಬಿಗೆ ಜನಪದ ಹಾಡು ಬಿಡುವವರು ಎಲ್ಲ ಅಲ್ಲಿಗೇ ಬರುತ್ತಾರೆ. ಲಾಡಲೇಸಾಬ ಎಂಬತ್ತೈದರಲ್ಲಿ ಬಾರಿಸಿದ. ಮೂರನೆಯ ಸಲಕ್ಕೆ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಬಂತು. ಆಫ್ತಾಬ ಕಂಪ್ಯೂಟರಿನಲ್ಲಿ ಏನೇನೋ ಎಳೆದು, ನೂರಕ್ಕೆ ತಂದು, ಎರಡೂ ಸ್ಪೀಕರು ಹಚ್ಚಿದ. ಕೋಣೆ ತುಂಬ ಲಾಡಲೇಸಾಬನ ಕೈ ಕೇಳಿಸಿತು, ಲಾಡಲೇಸಾಬನಿಗೆ ಎಂದೂ ಬಾರದ ಓಟದಲ್ಲಿ.

"ಯಾರಪ್ಪಗೂ ಗೊತ್ತಾಗಂಗಿಲ್ಲ," ಅಂದ ಆಫ್ತಾಬ.

ಲಾಡಲೇಸಾಬ ಇನ್ನೊಮ್ಮೆ ಹಚ್ಚಿಸಿ ಕೇಳಿದ. ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅಳು ಬಂತು. ಅದರ ಹಿಂದೆಯೇ ನಾಚಿಕೆಯೂ ಬಂತು. ಬಸ್ಸಿನಲ್ಲಿ ವಾಪಸು ಬರುವಾಗ, ನಾನೇ ಬಾರಿಸಿದ್ದಲ್ಲವೇ, ಪ್ರತಿ ಸುರವೂ ನನ್ನದೇ ಅಲ್ಲವೇ, ಓಟ ಒಂದು ಬಿಟ್ಟರೆ ಎಲ್ಲ ನನ್ನದೇ ಎಂದು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ರೆಕಾರ್ಡಿಂಗಿನ ಸುದ್ದಿ ಎತ್ತಲಿಲ್ಲ. "ಆ ದಿನ ನೀವಿಬ್ಬರೂ ಬಬಲೇಶ್ವರಕ್ಕ ಬರ್ರಿ," ಎಂದಷ್ಟೇ ಹೇಳಿದ.

ಎರಡು ದಿನ ಉಳಿದಿರುವಾಗ ತಾಲೀಮಿಗೆ ಹೋದರೆ ಅಲ್ಲೊಬ್ಬ ಹುಡುಗ ನಿಂತಿದ್ದ. ಸಿದ್ದಲಿಂಗೇಶ, ಸತೀಶಕುಮಾರನ ಅಕ್ಕನ ಮಗ, ಜೈನಾಪುರದವನು. ಎತ್ತರದ ಆಳು, ಹಣೆಯ ಮೇಲೆ ಬೀಳುವ ಕೂದಲು, ಕೊರಳಲ್ಲಿ ಕೆಂಪಗೆ ಮಿಂಚುವ ಹೊಸ ಗಿಟಾರ್. ಗಿಟಾರ್ ಹಿಡಿಯುವ ರೀತಿ ನೋಡಿದರೆ ಅದನ್ನು ಅವನು ಅಂಗಡಿಯಿಂದ ತಂದು ಎರಡು ದಿನವೂ ಆಗಿರಲಿಕ್ಕಿಲ್ಲ.

"ಚಾಚಾ, ಒಂದು ಮಾತು," ಎಂದು ಸತೀಶಕುಮಾರ ಅವನನ್ನು ಪಕ್ಕಕ್ಕೆ ಕರೆದ. "ಅವತ್ತು ಫೇಸ್‌ಬುಕ್ಕಿನ್ಯಾಗ ಲೈವ್ ಬಿಡಾಕತ್ತಾರಂತ. ಡ್ರೋನ್ ಬರತೈತಿ, ನಾಕು ಕ್ಯಾಮೆರಾ ಬರತಾವು. ಮುಂದ ಒಬ್ಬ ಹರೇದ ಹುಡುಗ ನಿಂತ್ರ ಪಾರ್ಟಿಗೆ ಚಲೋ ಹೆಸರು. ನೀವು ಬ್ಯಾಸರ ಮಾಡಕೋಬ್ಯಾಡ್ರಿ."

"ನನಗ ಮಾತು ಕೊಟ್ಟಿದ್ರಿ ಮಾಲಕ್ರ."

"ತಪ್ಪಲಾರದಂಗ ಬಂದ್ರ ಅಂತ ಕೊಟ್ಟಿದ್ದೆ." ಸತೀಶಕುಮಾರ ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಮತ್ತ ನೀವಽ ಅಂದ್ರೆಲಾ, ಬಾರಸೂದು ಟ್ರ್ಯಾಕಿನ್ಯಾಗ, ಮುಂದ ಬರೇ ಕೈ ಆಡಸೂದು ಅಂತ. ಕೈ ಆಡಸಾಕ ಯಾರಾದ್ರೇನ್ರಿ?"

ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರಲ್ಲ, ಹಾಗಾಯಿತು. ಲಾಡಲೇಸಾಬನ ಒಳಗೆ ಕೆಂಡದಂಥ ಸಿಟ್ಟಿತ್ತು. ಅದನ್ನು ಉಗುಳಬೇಕೆಂದರೆ ಮೊದಲು ತನ್ನ ಮುಖದ ಮೇಲೇ ಉಗುಳಿಕೊಳ್ಳಬೇಕಿತ್ತು. ಅವನು ಬರೀ ಹ್ಞೂಂ ಅಂದ.

ಅಷ್ಟಕ್ಕೇ ಮುಗಿಯಿತೇ? ಇಲ್ಲ. "ಅವಗ ಒಂದೀಟು ಕೈ ತೋರಿಸ್ರಿ ಚಾಚಾ," ಅಂದ ಸತೀಶಕುಮಾರ. "ಕ್ಯಾಮೆರಾಕ್ಕ ತಪ್ಪು ಕಾಣಬಾರದು ನೋಡ್ರಿ."

ಬೇರೆ ಯಾರಾದರೂ ಆಗಿದ್ದರೆ ಗಿಟಾರ್ ಚೀಲಕ್ಕೆ ತುರುಕಿ ಎದ್ದು ಹೋಗುತ್ತಿದ್ದರು. ಹೋಗಬೇಕಿತ್ತು. ಆದರೆ ಆ ಹುಡುಗ ಇಳಿಯುವ ಸುರಕ್ಕೆ ಕೈಯನ್ನು ಮೇಲೆ ಏರಿಸುತ್ತಾ ನಿಂತದ್ದನ್ನು ನೋಡಿ ಲಾಡಲೇಸಾಬನಿಗೆ ತಡೆಯಲಿಕ್ಕಾಗಲಿಲ್ಲ. ಎದ್ದು ಹೋಗಿ ಅವನ ಬೆರಳು ಹಿಡಿದು ಜಾಗಕ್ಕೆ ಇಟ್ಟ. ಫೋನು ತೆಗೆದು ಪೀಸನ್ನು ನಲವತ್ತಕ್ಕೆ ಇಳಿಸಿದ. ಇಲ್ಲಿ ಜಾರಬೇಕು, ಇಲ್ಲಿ ಎಳೆದು ಬಿಡಬೇಕು, ಇಲ್ಲಿ ಬೆರಳನ್ನು ನಡುಗಿಸಬೇಕು. ನಾಲ್ಕು ತಿಂಗಳು ತಾನು ಒಂದೊಂದಾಗಿ ಆರಿಸಿಕೊಂಡದ್ದನ್ನು ಎರಡು ಮಧ್ಯಾಹ್ನದಲ್ಲಿ ಅವನ ಕೈಗೆ ಸುರಿದ. ಸುರಿಯುತ್ತಾ ಇದ್ದಂತೆ ತನ್ನ ಮೇಲೇ ಹೇಸಿಗೆ ಪಟ್ಟುಕೊಂಡ.

ಹುಡುಗ ಕೆಟ್ಟವನೇನಲ್ಲ. "ಇದನ್ನೆಲ್ಲಾ ನೀವು ಹೆಂಗ ಕಲತ್ರಿ ಚಾಚಾ?" ಎಂದು ಕೇಳಿದ.

"ಹಿಂಗಽ. ಸಾವಕಾಶ ಮಾಡಿ. ನಾಕು ತಿಂಗಳು. ತಪ್ಪಿದ್ರ ಎರಡು ಅಂಕಿ ಹಿಂದ."

"ಯಪ್ಪಾ, ನನ್ನ ಕೈಲಿ ಆಗತಿದ್ದಿಲ್ಲ ಬಿಡ್ರಿ," ಅಂದ ಸಿದ್ದಲಿಂಗೇಶ.

ಉದ್ಘಾಟನೆಯ ದಿನ ಬಬಲೇಶ್ವರದಲ್ಲಿ ಬಿಸಿಲು ಚುರುಗುಡುತ್ತಿತ್ತು. ಕೋಲ್ಡ್ ಸ್ಟೋರೇಜಿನ ಮುಂದೆ ಹಂದರ ಹಾಕಿದ್ದರು, ಐನೂರು ಕುರ್ಚಿ, ಬಲಕ್ಕೆ ಹೆಣ್ಣುಮಕ್ಕಳು, ಎಡಕ್ಕೆ ಗಂಡಸರು. ಹೆಣ್ಣುಮಕ್ಕಳ ಕಡೆ ಮೂರನೆಯ ಸಾಲಿನಲ್ಲಿ ನಸ್ರೀನ, ಸುಮಯ್ಯಾ. ಸುಮಯ್ಯಾ ಫೋನನ್ನು ಎತ್ತಿ ಹಿಡಿದು ತಯಾರಾಗಿ ಕೂತಿದ್ದಳು. ಸ್ಟೇಜಿನ ಹಿಂದೆ, ತಾಳದ ಪ್ಯಾಡು ಬಡಿಯುವವನಿಗೂ ಕೀಬೋರ್ಡಿಗೂ ನಡುವೆ, ಕಪ್ಪು ಅಂಗಿ ತೊಟ್ಟು ಲಾಡಲೇಸಾಬ. ಮಾತು ತಪ್ಪಿದ ಸುದ್ದಿ ಮನೆಯಲ್ಲಿ ಹೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಹಾಡು ಶುರುವಾಗುವ ಮುಂಚೆ ಸೌಂಡಿನವನು ಬಂದು ಅವನ ಗಿಟಾರಿನ ವೈರನ್ನು ಕಿತ್ತ. "ಟ್ರ್ಯಾಕಿನ್ಯಾಗ ಕಾರ್ಡೂ ಅದಾವ್ರಿ ಚಾಚಾ. ನೀವು ಸುಮ್ಮ ಕೂಡ್ರಿ," ಅಂದ.

ಎರಡನೆಯ ಚರಣ ಮುಗಿಯಿತು. ಸಿದ್ದಲಿಂಗೇಶ ಮುಂದೆ ಬಂದು ಕಾಲು ಅಗಲಿಸಿ ನಿಂತ. ಕ್ಯಾಮೆರಾಗಳು ಅವನ ಕಡೆ ತಿರುಗಿದವು. ಸ್ಪೀಕರಿನಿಂದ ಪೀಸು ಹೊರಟಿತು, ಟಿಕೋಟಾದ ಮಾಳಿಗೆಯಲ್ಲಿ ಲಾಡಲೇಸಾಬ ಬಾರಿಸಿದ ಪೀಸು. ಅವನು ಸುಮ್ಮನೆ ಕೂತಿರಬೇಕಿತ್ತು. ಬೆರಳುಗಳು ಕೇಳಲಿಲ್ಲ. ವೈರಿಲ್ಲದ ಗಿಟಾರಿನ ಮೇಲೆ ಅವು ಹೊರಟೇಬಿಟ್ಟವು. ಆ ಗದ್ದಲದಲ್ಲಿ ತಂತಿಯ ಸಪ್ಪಳ ಅವನ ಕಿವಿಗೇ ಬೀಳುತ್ತಿರಲಿಲ್ಲ, ಬೆರಳಿನ ತುದಿಗೆ ಮಾತ್ರ ತಿಳಿಯುತ್ತಿತ್ತು. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಏಳು ಸುರದ ಇಳಿಜಾರು ಬಂತು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕಿರುಬೆರಳು ಸರಿಯಾಗಿ ತನ್ನ ಜಾಗದಲ್ಲಿ ಬಿತ್ತು. ಆರು, ಏಳು. ಟ್ರ್ಯಾಕಿನ ಕೊನೆಯ ಸುರವೂ ಅವನ ಕೈಯ ಕೊನೆಯ ಸುರವೂ ಕೂಡಿಯೇ ನಿಂತವು.

ನೂರಕ್ಕೆ ನೂರು. ಯಾಕೆ ಬಂತೋ ದೇವರೇ ಬಲ್ಲ. ಸಿಟ್ಟಿಗೆ ಬಂತೋ, ಕೇಳುವವರು ಯಾರೂ ಇಲ್ಲ ಎಂಬ ಸಸಾರಕ್ಕೆ ಬಂತೋ. ಲಾಡಲೇಸಾಬ ಉಬ್ಬಸ ಹಿಡಿದವನಂತೆ ಉಸಿರು ಬಿಡುತ್ತಾ ಎಡಕ್ಕೆ ನೋಡಿದ. ಪ್ಯಾಡಿನವನು ಸೌಂಡಿನವನಿಗೆ ಕೈಸನ್ನೆ ಮಾಡುತ್ತಿದ್ದ. ಬಲಕ್ಕೆ ನೋಡಿದ. ಮುಬೀನ ಜನರನ್ನು ನೋಡುತ್ತಿದ್ದ. ಜನ ಎದ್ದು ನಿಂತು ಸೀಟಿ ಹೊಡೆಯುತ್ತಿದ್ದರು, ಎಲ್ಲರ ಮುಖವೂ ಸಿದ್ದಲಿಂಗೇಶನ ಕಡೆಗಿತ್ತು.

ಶಿವಯೋಗೆಪ್ಪ ಸ್ಟೇಜು ಹತ್ತಿ ಬಂದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಹುಡುಗನಿಗೆ ಶಾಲು ಹೊದಿಸಿ, ಮೈಕು ಅವನ ಬಾಯಿಗೆ ಹಿಡಿದು ಕೇಳಿದ. "ತಮ್ಮಾ, ಇದನ್ನ ಹೆಂಗ ಕಲತಿ ಒಂದೀಟು ಹೇಳು."

ಸಿದ್ದಲಿಂಗೇಶ ಒಮ್ಮೆ ಸೋದರಮಾವನ ಕಡೆ ನೋಡಿದ. ಸತೀಶಕುಮಾರ ಹೇಳು ಹೇಳು ಎಂದು ಕತ್ತು ಆಡಿಸಿದ. "ಸಾವಕಾಶ ಮಾಡಿ ಕೇಳಿ ಕಲತೇನ್ರಿ," ಅಂದ ಹುಡುಗ. "ನಾಕು ತಿಂಗಳು ಹಿಡೀತ್ರಿ. ತಪ್ಪಿದ್ರ ಎರಡು ಅಂಕಿ ಹಿಂದ ಹೋಗತಿದ್ದೆ."

ಚಪ್ಪಾಳೆ ಬಿತ್ತು. ಪೀಸು ಹೋಯಿತು ಅಂದರೆ ಹೋಗಲಿ, ಈಗ ಅವನ ನಾಲ್ಕು ತಿಂಗಳ ಮುಂಜಾವುಗಳೂ ಹೋದವು. ಲಾಡಲೇಸಾಬ ಗಿಟಾರನ್ನು ಚೀಲಕ್ಕೆ ಹಾಕಿದ. ಹುಡುಗ ಕೆಳಗಿಳಿಯುವಾಗ ಅವನ ಮುಂದೆಯೇ ಹಾದು ಹೋದ, ಮುಖ ಎತ್ತಲಿಲ್ಲ.

ಊಟಕ್ಕೆ ಕೂತಾಗ ನಸ್ರೀನ, ಸುಮಯ್ಯಾ ಅವನ ಎದುರು ಪಂಕ್ತಿಯಲ್ಲಿ ಬಂದು ಕೂತರು. ಎಲೆಗೆ ಹೋಳಿಗೆ ಬಿತ್ತು, ಬದನೆಕಾಯಿ ಪಲ್ಯ ಬಿತ್ತು. ಸುಮಯ್ಯಾ ತಡೆಯಲಾರದೆ ಕೇಳಿದಳು. "ಅಬ್ಬಾ, ಅದು ನಿಮ್ಮ ಕೈದು ಇದ್ದಂಗಿತ್ತಲ್ಲ? ಜಾರೂ ಕಡೆ ನೀವು ಹಂಗಽ ಎಳೀತೀರಿ. ಟ್ರ್ಯಾಕ್ ಹಚ್ಚಿದ್ರೇನು?"

ಹೌದು ಅನ್ನಬೇಕು ಎಂದು ಲಾಡಲೇಸಾಬ ಬಾಯಿ ತೆರೆದ. ಹೌದು ಅಂದರೆ ಎಂಬತ್ತೈದರ ಮಾತು ಹೇಳಬೇಕು. ಬರದ್ದನ್ನು ಬಂದಂತೆ ಮಾಡಿಸಿದ್ದು ತಾನೇ ಎಂದು ಹೆಂಡತಿ ಮಗಳ ಮುಂದೆ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡು, ಆದರೆ ಈಗ ಅರ್ಧ ತಾಸಿನ ಹಿಂದೆ ನನಗೆ ಖರೇನೇ ಬಂತು ಅಂದರೆ, ಅದನ್ನು ನಂಬುವವರು ಯಾರು? ಕೇಳಿದವರು ಯಾರು?

"ಅಲ್ಲವಾ," ಅಂದ. "ಅದು ಆ ಹುಡುಗಂದಽ."

ಸುಮಯ್ಯಾ ಏನೋ ಅನ್ನಲು ಹೋದಳು. ನಸ್ರೀನ ಅವಳ ಎಲೆಗೆ ತುಪ್ಪ ಸರಿಸುತ್ತಾ ತಡೆದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಗಂಡನ ಮೇಲೆ ಮರುಕವೇ ಇತ್ತು.

"ನಿಮ್ಮ ಅಬ್ಬಾಂದು ಅಲ್ಲ ಬಿಡು. ನಾ ದಿನಾ ಕೇಳೇನಿ. ಇವರಿಗೆ ಆ ಕಡೀ ಏಳು ಸುರ ಒಂದು ದಿನಾನೂ ಬಂದಿಲ್ಲ. ಆ ಹುಡುಗ ನೋಡು, ಎಷ್ಟ ಸಲೀಸ ಬಾರಿಸಿದ." ಆಮೇಲೆ ಗಂಡನ ಕಡೆ ತಿರುಗಿ, "ಹೌದಲ್ರಿ?" ಅಂದಳು.

"ಹೌದು," ಅಂದ ಲಾಡಲೇಸಾಬ.